9 ಅಡಿ ಬೀಮಿನ ಕೆಳಗೆ ಕಾರ್ ಲಿಫ್ಟ್: ಮನೆ ಗ್ಯಾರೇಜಿನಲ್ಲಿ ಕೂರಿಸುವ ಸಮಗ್ರ ಮಾರ್ಗದರ್ಶಿ

ಮನೆಯಲ್ಲಿ ಕಾರ್ ಲಿಫ್ಟ್ ಹಾಕಿಸಬೇಕು ಅಂದ ತಕ್ಷಣ ಎಲ್ಲರೂ ತಲೆ ಎತ್ತಿ ತಾರಸಿ ನೋಡುತ್ತಾರೆ. ನಾನೂ ಹಾಗೇ ನೋಡಿದೆ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮದು 30-40 ಸೈಟಿನ ಮನೆ. ಮುಂದಿನ ಪೋರ್ಟಿಕೋ 10 ಅಡಿ ಅಗಲ, 17 ಅಡಿ ಉದ್ದ. ಅದಕ್ಕೇ ರೋಲಿಂಗ್ ಷಟರ್ ಹಾಕಿಸಿ ಗ್ಯಾರೇಜು ಮಾಡಿಕೊಂಡಿದ್ದೇನೆ. ನೆಲದಿಂದ ಮೋಲ್ಡಿಗೆ 9 ಅಡಿ 9 ಇಂಚು. ನಡುವೆ ಒಂದು ಬೀಮು ಅಡ್ಡ ಹಾದುಹೋಗಿದೆ. ಅದರ ಕೆಳಗೆ ಸರಿಯಾಗಿ 9 ಅಡಿ.

ಎತ್ತರದ ಲೆಕ್ಕ ಒಂದೇ ಸಂಜೆಗೆ ಮುಗಿಯಿತು. ನೆಲದ ಕೆಲಸ ಎರಡು ತಿಂಗಳು ಹಿಡಿಯಿತು. ನಮ್ಮ ಕಡೆಯ ಮನೆಗಳಲ್ಲಿ ನಿಜವಾದ ಅಪಾಯ ಇರುವುದು ತಲೆಯ ಮೇಲಲ್ಲ, ಕಾಲ ಕೆಳಗೆ. ಹಾಗಾಗಿ ಇಲ್ಲೂ ನೆಲದ ವಿಷಯವೇ ಜಾಸ್ತಿ ಇದೆ.

ಮೊದಲು ಟೇಪು ಹಿಡಿಯಿರಿ

ಕಣ್ಣಳತೆ ಬೇಡ. ಮನೆ ಪ್ಲಾನಿನಲ್ಲಿ ಬರೆದ ಎತ್ತರವನ್ನೂ ನಂಬಬೇಡಿ. ಪ್ಲಾನಿನ 10 ಅಡಿಯಲ್ಲಿ ಟೈಲ್ಸ್ ಮತ್ತು ಅದರ ಕೆಳಗಿನ ಗಾರೆ ಎರಡು-ಮೂರು ಇಂಚು ತಿಂದಿರುತ್ತವೆ. ಕಾರು ನಿಲ್ಲುವ ಜಾಗದ ನಾಲ್ಕೂ ಮೂಲೆಯಲ್ಲಿ ಮತ್ತು ಬೀಮಿನ ಕೆಳಗೆ ಅಳೆಯಿರಿ. ಪೋರ್ಟಿಕೋ ನೆಲ ನೀರು ಹೋಗಲಿ ಅಂತ ಗೇಟಿನ ಕಡೆಗೆ ಇಳಿಜಾರು ಇರುತ್ತದೆ, ಅಲ್ವಾ? ಆದ್ದರಿಂದ ಮನೆ ಗೋಡೆಯ ಹತ್ತಿರ ಎತ್ತರ ಕಮ್ಮಿ, ಗೇಟಿನ ಹತ್ತಿರ ಜಾಸ್ತಿ ಬರುತ್ತದೆ. ಸಿಕ್ಕ ಅಳತೆಗಳಲ್ಲಿ ಅತಿ ಕಮ್ಮಿಯದ್ದೇ ನಿಮ್ಮ ಎತ್ತರ. ಷಟರ್ ಸುತ್ತಿಕೊಳ್ಳುವ ಡ್ರಮ್ಮು, ಟ್ಯೂಬ್‌ಲೈಟು, ಫ್ಯಾನಿನ ಕೊಕ್ಕೆಯನ್ನೂ ಅಳೆಯಿರಿ. ಟ್ಯೂಬ್‌ಲೈಟನ್ನು ಗೋಡೆಗೆ ವರ್ಗಾಯಿಸಬಹುದು. ಬೀಮನ್ನು ಮಾತ್ರ ಮುಟ್ಟಬಾರದು. "ಎರಡು ಇಂಚು ಕೆತ್ತಿಬಿಡೋಣ ಬಿಡಿ" ಎಂದು ಯಾರಾದರೂ ಹೇಳಿದರೆ ಅವರನ್ನು ಆ ಕೆಲಸಕ್ಕೆ ಕರೆಯಬೇಡಿ. ಬೀಮಿನ ಭಾರ ಹೊರುವ ಕಬ್ಬಿಣ ಇರುವುದೇ ಅದರ ತಳದಲ್ಲಿ.

ಈಗ ಕಾರಿನ ಲೆಕ್ಕ. ಇಲ್ಲಿ ಬಹಳ ಜನ ತಪ್ಪು ಮಾಡುತ್ತಾರೆ. ಲಿಫ್ಟಿನ ವಿವರದಲ್ಲಿ 1000 ಮಿ.ಮೀ. ಎಂದಿದ್ದರೆ ಅದು ಲಿಫ್ಟಿನ ಹಲಗೆ ನೆಲದಿಂದ ಏರುವ ಎತ್ತರ. ಕಾರು ಅಷ್ಟೂ ಏರುವುದಿಲ್ಲ. ಕಾರನ್ನು ಎತ್ತುವುದು ಬಾಗಿಲ ಕೆಳಗಿನ ಸಿಲ್‌ನಿಂದ. ಆ ಸಿಲ್ ಆಗಲೇ ನೆಲದಿಂದ ಮೇಲಿದೆ. ಹಾಗಾಗಿ ಲೆಕ್ಕ ಹೀಗೆ: ಕಾರಿನ ಎತ್ತರದಲ್ಲಿ ಸಿಲ್‌ನ ಎತ್ತರ ಕಳೆಯಿರಿ, ಅದಕ್ಕೆ ಲಿಫ್ಟಿನ ಎತ್ತರ ಸೇರಿಸಿ. ರಬ್ಬರ್ ಪ್ಯಾಡಿನ ದಪ್ಪ ಲಿಫ್ಟಿನ ಅಳತೆಯಲ್ಲಿ ಸೇರಿಲ್ಲದಿದ್ದರೆ ಅದನ್ನೂ ಸೇರಿಸಿ.

ನನ್ನ ಸ್ವಿಫ್ಟ್ 1530 ಮಿ.ಮೀ. ಎತ್ತರ. ಸಿಲ್ ನೆಲದಿಂದ 200. ಕಳೆದರೆ 1330. ನನ್ನ ಬೀಮಿನ ಕೆಳಗಿನ 9 ಅಡಿ ಅಂದರೆ 2743 ಮಿ.ಮೀ. ಅದರಲ್ಲಿ 100 ಮಿ.ಮೀ. ಖಾಲಿ ಬಿಡಲೇಬೇಕು. ಉಳಿದದ್ದು 2643. ಅದರಲ್ಲಿ 1330 ಹೋದರೆ 1313. ಅಂದರೆ ನನ್ನ ಕಾರನ್ನು 1.3 ಮೀಟರಿನವರೆಗೆ ಎತ್ತಬಹುದು. ವ್ಯಾಗನ್‌ಆರ್ 1675 ಮಿ.ಮೀ. ಎತ್ತರದ ಕಾರು. ಸಿಲ್ ಅಷ್ಟೇ ಇದ್ದರೆ 1168 ಸಿಗುತ್ತದೆ. ಇನ್ನೋವಾ ಕ್ರಿಸ್ಟಾ 1795. ಅದಕ್ಕೆ ತಳದಲ್ಲಿ ಬೇರೆ ಕಬ್ಬಿಣದ ಚೌಕಟ್ಟು, ಅಂದರೆ ಛಾಸಿ ಇದೆ, ಎತ್ತುವ ಜಾಗವೂ ಬೇರೆ, ಆದ್ದರಿಂದ ಅಲ್ಲಿಂದಲೇ ಅಳೆಯಬೇಕು. ಮನೆಗೆ ಬರುವ ಅತಿ ಎತ್ತರದ ಗಾಡಿಗೆ ಲೆಕ್ಕ ಹಾಕಿ, ಇವತ್ತಿನ ಗಾಡಿಗೆ ಮಾತ್ರ ಅಲ್ಲ. ಆಂಟೆನಾ, ಕ್ಯಾರಿಯರ್ ಮರೆಯಬೇಡಿ. ಬಾನೆಟ್ ಮತ್ತು ಡಿಕ್ಕಿ ಬಾಗಿಲನ್ನು ಪೂರ್ತಿ ತೆರೆದು ಅವುಗಳ ತುದಿಯನ್ನೂ ಅಳೆದುಕೊಳ್ಳಿ.

ನಿಂತು ಕೆಲಸ ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಸ್ವಿಫ್ಟ್ ಕೆಳಗೆ ಸಾಮಾನ್ಯ ಎತ್ತರದ ಮನುಷ್ಯ ನಿಲ್ಲಲು 1750 ಮಿ.ಮೀ. ಎತ್ತಬೇಕು. ಅದಕ್ಕೆ 1330 ಮತ್ತು ಖಾಲಿ ಜಾಗದ 100 ಸೇರಿದರೆ 3180. ಅಂದರೆ ಸುಮಾರು ಹತ್ತೂವರೆ ಅಡಿ ಬೇಕು, ಅದೂ ಬೀಮಿನ ಕೆಳಗೆ. ಸಾಮಾನ್ಯ ಮೋಲ್ಡಿನ ಮನೆಯಲ್ಲಿ ಅದು ಸಿಗುವುದಿಲ್ಲ. ಪಕ್ಕದಲ್ಲಿ ಖಾಲಿ ಜಾಗ ಇದ್ದು ಜಿಐ ಶೀಟಿನ ಶೆಡ್ಡು ಇದ್ದರೆ ನೀವು ಅದೃಷ್ಟವಂತರು. ಪೈಪು ಕಂಬ ಬದಲಿಸಿ ಶೀಟನ್ನು 12 ಅಡಿಗೆ ಏರಿಸುವುದು ದೊಡ್ಡ ಕೆಲಸವೇನಲ್ಲ. ಮೋಲ್ಡಿನ ಕೆಳಗಿರುವ ನಮ್ಮಂಥವರಿಗೆ ಕೂತು ಮಾಡುವ ಕೆಲಸವೇ ಗತಿ. ನಿಜ ಹೇಳುತ್ತೇನೆ, ಒಂದು ಮೀಟರ್ ಎತ್ತಿದ ಕಾರಿನ ಕೆಳಗೆ ಚಕ್ರದ ಸ್ಟೂಲಿನ ಮೇಲೆ ಕೂತು ಕೆಲಸ ಮಾಡುವುದು ಅಂಗಾತ ಮಲಗಿ ಕಣ್ಣಿಗೆ ಮಣ್ಣು ಬೀಳಿಸಿಕೊಳ್ಳುವುದಕ್ಕಿಂತ ನೂರು ಪಾಲು ಮೇಲು. ಬ್ರೇಕು ಎದೆಯ ಮಟ್ಟಕ್ಕೆ ಬರುತ್ತದೆ. ಬೆನ್ನಿಗೆ ಅಷ್ಟು ಸಾಕು.

ಯಾವ ಲಿಫ್ಟು?

ಎರಡು ಕಂಬದ ಲಿಫ್ಟನ್ನು ಎಲ್ಲ ಗ್ಯಾರೇಜಿನಲ್ಲೂ ನೋಡಿರುತ್ತೀರಿ. ಅದರಲ್ಲಿ ಕೇಬಲ್ಲು ಮೇಲಿಂದ ಹಾಯುವ ಮಾದರಿಗೆ 3.6 ಮೀಟರ್ ಅಥವಾ ಇನ್ನೂ ಜಾಸ್ತಿ ಬೇಕು. ಅದು ನಮಗಲ್ಲ. ಕೇಬಲ್ಲು ನೆಲದ ತಗಡಿನ ಕೆಳಗೆ ಹಾಯುವ ಮಾದರಿ ಗಿಡ್ಡ. ನನಗೆ ಬೆಲೆ ಹೇಳಿದ ಒಬ್ಬ ಮಾರಾಟಗಾರರು ಇದನ್ನೇ ತೋರಿಸಿ "9 ಅಡಿ ಸಾಕು ಸಾರ್" ಅಂದರು. ಅಳತೆಯ ನಕ್ಷೆ ಕಳಿಸಿ ಎಂದು ಪಟ್ಟು ಹಿಡಿದೆ. ಬಂದ ನಕ್ಷೆಯಲ್ಲಿ ಕಂಬವೇ 2820 ಮಿ.ಮೀ. ಇತ್ತು, ಅಂದರೆ 9 ಅಡಿ 3 ಇಂಚು. ಅವರ ಮಾತು ಕೇಳಿ ದುಡ್ಡು ಕಟ್ಟಿದ್ದರೆ ಲಾರಿ ಬಂದ ದಿನ ಗೊತ್ತಾಗುತ್ತಿತ್ತು. ನಕ್ಷೆ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ.

ಕಂಬದ ಲಿಫ್ಟಿಗೆ ಇನ್ನೊಂದು ತೊಡಕಿದೆ. ಕಾರಿನ ಪೂರ್ತಿ ತೂಕ ಎರಡು ಸಣ್ಣ ಬುಡದ ಮೇಲೆ ನಿಲ್ಲುತ್ತದೆ. ಮೇಲಾಗಿ ತೋಳುಗಳು ಕಂಬವನ್ನು ಒಳಗಡೆಗೆ ಬಗ್ಗಿಸಲು ನೋಡುತ್ತವೆ. ಆ ಎಳೆತವನ್ನೆಲ್ಲ ತಡೆಯುವುದು ನೆಲ ಮತ್ತು ಕಾಂಕ್ರೀಟಿನೊಳಗೆ ಕಚ್ಚಿಕೊಳ್ಳುವ ಆಂಕರ್ ಬೋಲ್ಟು. ಮನೆ ಪೋರ್ಟಿಕೋ ನೆಲವನ್ನು ಯಾರೂ ಅದಕ್ಕಾಗಿ ಕಟ್ಟಿರುವುದಿಲ್ಲ.

ನಾನು ತೆಗೆದುಕೊಂಡದ್ದು ಮಿಡ್-ರೈಸ್ ಸಿಸರ್ ಲಿಫ್ಟ್, ಕತ್ತರಿಯ ಹಾಗೆ ಬಿಚ್ಚಿಕೊಳ್ಳುವಂಥದ್ದು. 1 ಮೀಟರಿಂದ 1.2 ಮೀಟರ್ ಏರುವ, ಎರಡೂವರೆ-ಮೂರು ಟನ್ ಎತ್ತುವ ಮಾದರಿಗಳು ಸಿಗುತ್ತವೆ. ಮಡಚಿದಾಗ ನಾಲ್ಕೂವರೆ ಇಂಚಿನಷ್ಟೇ ಎತ್ತರ, ಅದರ ಮೇಲೆಯೇ ಕಾರು ತಂದು ನಿಲ್ಲಿಸಬಹುದು. ತೂಕ ಅಗಲವಾದ ಬುಡದ ಮೇಲೆ ಹಂಚಿಕೊಳ್ಳುತ್ತದೆ. ಕೊರತೆ ಒಂದೇ: ನಡುವೆ ಕತ್ತರಿಯ ಅಡ್ಡಪಟ್ಟಿ ಇರುವುದರಿಂದ ಕಾರಿನ ಮಧ್ಯಭಾಗದ ಸೈಲೆನ್ಸರ್ ಪೈಪಿನ ಕೆಲಸ ಕಷ್ಟ. ಬ್ರೇಕ್, ಸಸ್ಪೆನ್ಷನ್, ಆಯಿಲ್ ಬದಲಿಸುವುದಕ್ಕೆ ಏನೂ ಅಡ್ಡಿಯಿಲ್ಲ. ಇನ್ನೂ ಗಿಡ್ಡ ಜಾಗ ಇರುವವರಿಗೆ ಎರಡು ಪಕ್ಕಕ್ಕೆ ಇಡುವ, ಅರ್ಧ ಮೀಟರ್ ಎತ್ತುವ ಜೋಡಿ ಚೌಕಟ್ಟುಗಳಿವೆ. ಕೆಲಸ ಮುಗಿದ ಮೇಲೆ ಗೋಡೆಗೆ ಒರಗಿಸಿಡಬಹುದು. ಯಾವುದೇ ಆದರೂ ಇಎನ್ 1493 ಅಂದರೆ ವಾಹನ ಲಿಫ್ಟುಗಳ ಯುರೋಪಿನ ಮಾನದಂಡದ ಪ್ರಮಾಣಪತ್ರ ಇದೆಯೇ ಎಂದು ಕೇಳಿ. ಕೊಯಮತ್ತೂರಿನಲ್ಲಿ ಗ್ಯಾರೇಜು ಸಲಕರಣೆ ತಯಾರಿಸುವವರಿದ್ದಾರೆ. ಮೈಸೂರಿಗೆ ಅದು ಹತ್ತಿರ, ಬಿಡಿಭಾಗ ಬೇಕಾದಾಗ ಅನುಕೂಲ.

"ಲಿಫ್ಟು ಯಾಕೆ, ಗುಂಡಿ ತೋಡಿಸಿಬಿಡಿ" ಎನ್ನುವವರು ಸಿಗುತ್ತಾರೆ. ಮಂಡ್ಯದಲ್ಲಿ ನನ್ನ ಸ್ನೇಹಿತರೊಬ್ಬರು ಹಾಗೇ ಮಾಡಿದರು. ಅವರ ಬಡಾವಣೆ ಹಿಂದೊಮ್ಮೆ ಗದ್ದೆಯಾಗಿತ್ತು. ನಾಲೆಗೆ ನೀರು ಬಿಟ್ಟರೆ ಸಾಕು, ಗುಂಡಿಯೊಳಗೆ ಮೊಣಕಾಲುದ್ದ ನೀರು ಜಿನುಗುತ್ತದೆ. ಅದು ಹೋಗಲಿ. ಪೆಟ್ರೋಲ್ ಆವಿ ಮತ್ತು ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಗುಂಡಿಯ ತಳಕ್ಕೇ ಹೋಗಿ ಕೂರುತ್ತವೆ. ಅಲ್ಲಿ ಒಂದು ಕಿಡಿ ಸಾಕು. ಮನೆಯೊಳಗೆ ಗುಂಡಿ ಬೇಡವೇ ಬೇಡ.

ನೆಲದ ಕೆಳಗೆ ಏನಿದೆ?

ನಮ್ಮ ಕಡೆ ನೀರಿನ ಸಂಪು ಎಲ್ಲಿರುತ್ತದೆ? ಬಹಳ ಮನೆಗಳಲ್ಲಿ ಪೋರ್ಟಿಕೋ ಕೆಳಗೇ. ವಾಸ್ತು ನೋಡಿ ಈಶಾನ್ಯಕ್ಕೆ ತೋಡಿರುತ್ತಾರೆ. ಪೂರ್ವ ಅಥವಾ ಉತ್ತರಕ್ಕೆ ಮುಖ ಇರುವ ಮನೆಯಲ್ಲಿ ಕಾರು ನಿಲ್ಲುವುದೂ ಎಷ್ಟೋ ಸಲ ಅಲ್ಲೇ. ಸಂಪಿನ ಮೇಲೆ ಕಾರು ಹಾದುಹೋಗುವುದು ಬೇರೆ. ಲಿಫ್ಟ್ ಕೂರಿಸಿ, ಕೊರೆದು, ಬೋಲ್ಟು ಹಾಕುವುದು ಬೇರೆ. ಸಂಪಿನ ಸ್ಲ್ಯಾಬಿನಲ್ಲಿ ಡ್ರಿಲ್ ಇಳಿದರೆ ಕಬ್ಬಿಣ ಕತ್ತರಿಸಬಹುದು, ಕುಡಿಯುವ ನೀರು ಹಾಳಾಗುತ್ತದೆ, ಭಾರಕ್ಕೆ ಸ್ಲ್ಯಾಬೇ ಕುಸಿಯಬಹುದು. ಸಂಪಿನ ಮೇಲೆ ಲಿಫ್ಟ್ ಹಾಕಬೇಡಿ. ಇದಕ್ಕೆ ವಿನಾಯಿತಿಯೇ ಇಲ್ಲ.

ಸಂಪಿನ ಮುಚ್ಚಳ ನೋಡಿ ಜಾಗ ಅಂದಾಜು ಮಾಡಬೇಡಿ. ಮುಚ್ಚಳ ಒಂದು ಮೂಲೆಯಲ್ಲಿರುತ್ತದೆ, ಸಂಪು ಅಲ್ಲಿಂದ ಎಂಟು ಅಡಿ ಆಚೆಗೂ ಹೋಗಿರಬಹುದು. ನಾನು ಹೀಗೆ ಮಾಡಿದೆ. ಮುಚ್ಚಳ ತೆಗೆದು, ಉದ್ದನೆಯ ಪಿವಿಸಿ ಪೈಪನ್ನು ಒಳಗೆ ಮಲಗಿಸಿ ಒಂದೊಂದು ದಿಕ್ಕಿಗೂ ಗೋಡೆ ತಾಗುವವರೆಗೆ ತಳ್ಳಿದೆ. ಮುಚ್ಚಳದ ಅಂಚಿಗೆ ಪೈಪಿನ ಮೇಲೆ ಗುರುತು ಹಾಕಿಕೊಂಡೆ. ಅದೇ ಅಳತೆಯನ್ನು ಮೇಲೆ ಟೈಲ್ಸ್ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ನಾಲ್ಕೂ ಕಡೆ ಮುಗಿದಾಗ ನೆಲದ ಮೇಲೆ ಸಂಪಿನ ಆಕಾರ ಎದ್ದು ಕಂಡಿತು. ನಾನು ಲಿಫ್ಟ್ ಇಡಬೇಕೆಂದುಕೊಂಡ ಜಾಗದ ಅರ್ಧ ಅದರೊಳಗೇ ಇತ್ತು. ಆ ಗೆರೆ ನೋಡಿ ಎದೆ ಧಸಕ್ಕೆಂದಿತು. ಲಿಫ್ಟನ್ನು ನಾಲ್ಕು ಅಡಿ ಮನೆ ಕಡೆಗೆ ಸರಿಸಿದೆ. ಸಂಪಿನ ಗೋಡೆಯ ಪಕ್ಕಕ್ಕೇ ಅಗೆಯುವುದೂ ಸರಿಯಲ್ಲ. ಎರಡು ಅಡಿಯಾದರೂ ದೂರ ಇರಲಿ. ಜಾಗ ಬಿಗಿಯಾಗಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆದು ತೋರಿಸಿ.

ಹಾಗೆಯೇ ಚೇಂಬರಿನಿಂದ ಚೇಂಬರಿಗೆ ದಾರ ಎಳೆದು ಒಳಚರಂಡಿ ಪೈಪು ಹೋಗುವ ದಾರಿ ಗುರುತು ಮಾಡಿ. ಬೀದಿಯಿಂದ ಸಂಪಿಗೆ ಬರುವ ನೀರಿನ ಪೈಪು, ಮೀಟರ್ ಬೋರ್ಡಿಗೆ ನೆಲದೊಳಗೆ ಬರುವ ಕೇಬಲ್ಲು, ಅರ್ಥಿಂಗ್ ಗುಂಡಿ, ಎಲ್ಲವನ್ನೂ ಸೀಮೆಸುಣ್ಣದಲ್ಲಿ ಬರೆದು ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ಇನ್ನು ಕಾಂಕ್ರೀಟಿನ ದಪ್ಪ. ಸುತ್ತಿಗೆಯಿಂದ ಟೈಲ್ಸ್ ಮೇಲೆ ತಟ್ಟುತ್ತಾ ಹೋಗಿ. ಟಣ್ ಅನ್ನುವ ಕಡೆ ಕೆಳಗೆ ತುಂಬಿದೆ, ಡಬ್ ಅನ್ನುವ ಕಡೆ ಪೊಳ್ಳು. ಆದರೆ ದಪ್ಪ ಗೊತ್ತಾಗುವುದು ಕೊರೆದಾಗಲೇ. ಲಿಫ್ಟ್ ಬರುವ ಜಾಗದಲ್ಲಿ 10 ಮಿ.ಮೀ. ಬಿಟ್ಟಿನಿಂದ ಒಂದು ತೂತು ಹಾಕಿ, ಹೊರಗೆ ಬರುವ ಪುಡಿಯ ಬಣ್ಣ ನೋಡಿ. ನಮ್ಮಲ್ಲಿ ಮೊದಲು ಟೈಲ್ಸಿನ ಬಿಳಿ ಪುಡಿ ಬಂತು. ಆಮೇಲೆ ಗಾರೆಯ ತಿಳಿ ಬೂದು. ಆಮೇಲೆ ಕಾಂಕ್ರೀಟಿನ ಕಡು ಬೂದು, ನಡುನಡುವೆ ಜಲ್ಲಿ ಸಿಕ್ಕಿ ಡ್ರಿಲ್ಲು ಕಿರುಚಿತು. ಟೈಲ್ಸಿನ ಮೇಲಿಂದ ನಾಲ್ಕು ಇಂಚು ಆಗುವಷ್ಟರಲ್ಲಿ ಡ್ರಿಲ್ಲು ಸರಕ್ಕನೆ ಇಳಿದುಹೋಯಿತು. ಮೇಲೆ ಬಂದದ್ದು ಕೆಂಪು ಮಣ್ಣು. ಲೆಕ್ಕ ಹಾಕಿದರೆ ಕಾಂಕ್ರೀಟು ಇದ್ದದ್ದು ಎರಡು ಇಂಚು. ಮನೆ ಕಟ್ಟಿದ ಗುತ್ತಿಗೆದಾರರು ನಾಲ್ಕು ಇಂಚಿಗೆ ದುಡ್ಡು ತೆಗೆದುಕೊಂಡಿದ್ದರು.

ಲಿಫ್ಟುಗಳ ಕೈಪಿಡಿಯಲ್ಲಿ ಸಾಮಾನ್ಯವಾಗಿ ಕನಿಷ್ಠ ನಾಲ್ಕು ಇಂಚು ಗಟ್ಟಿ ಕಾಂಕ್ರೀಟು ಕೇಳುತ್ತಾರೆ, ಕಂಬದ ಲಿಫ್ಟಿಗೆ ಇನ್ನೂ ಜಾಸ್ತಿ. ಟೈಲ್ಸ್ ಮತ್ತು ಗಾರೆ ಈ ಲೆಕ್ಕಕ್ಕೆ ಬರುವುದಿಲ್ಲ. ಟೈಲ್ಸ್ ಮೇಲೆ ಆಂಕರ್ ಬಿಗಿದರೆ ಟೈಲ್ಸ್ ಒಡೆಯುತ್ತದೆ, ಬೋಲ್ಟು ಸಡಿಲವಾಗುತ್ತದೆ.

ಹೊಸ ಕಾಂಕ್ರೀಟ್ ಬೆಡ್ ಹಾಕುವುದು

ನಾನು 10 ಅಡಿ ಉದ್ದ, 6 ಅಡಿ ಅಗಲಕ್ಕೆ ನೆಲ ಒಡೆಸಿದೆ. ಲಿಫ್ಟಿನ ಬುಡಕ್ಕಿಂತ ಸುತ್ತಲೂ ಒಂದು ಅಡಿಯಾದರೂ ಜಾಸ್ತಿ ಇರಬೇಕು. ಒಡೆಯುವ ಮೊದಲು ಕಟ್ಟರ್‌ನಲ್ಲಿ ಅಂಚು ಕತ್ತರಿಸಿಕೊಂಡರೆ ಪಕ್ಕದ ಟೈಲ್ಸ್ ಉಳಿಯುತ್ತವೆ. ಒಂದು ಅಡಿ ಅಗೆದು, ಸಡಿಲ ಮಣ್ಣು ತೆಗೆದು, ನೀರು ಹಾಕಿ ದಿಮ್ಮಸು ಹೊಡೆಸಿ. ಅದರ ಮೇಲೆ ಜಲ್ಲಿ ಹಾಕಿ ಮತ್ತೆ ಹೊಡೆಸಿ. ಗದ್ದೆ ಮುಚ್ಚಿದ ಬಡಾವಣೆ ಅಥವಾ ಎರೆಮಣ್ಣಿನ ಜಾಗ ಆಗಿದ್ದರೆ ಇಷ್ಟಕ್ಕೇ ನಿಲ್ಲಿಸಬೇಡಿ. ಎಷ್ಟು ಆಳಕ್ಕೆ ಮಣ್ಣು ಬದಲಿಸಬೇಕು ಎಂದು ಎಂಜಿನಿಯರ್ ಹೇಳಲಿ.

ಆರು ಇಂಚು ದಪ್ಪದ ಎಂ25 ಕಾಂಕ್ರೀಟು ಹಾಕಿಸಿದೆ. 10 ಮಿ.ಮೀ. ಕಂಬಿಯನ್ನು ಆರು ಇಂಚಿಗೊಂದರಂತೆ ಎರಡೂ ದಿಕ್ಕಿಗೆ ಕಟ್ಟಿ, ಕೆಳಗೆ ಎರಡು ಇಂಚಿನ ಕವರ್ ಬಿಲ್ಲೆ ಇಡಿಸಿದೆ. ಕಂಬಿ ಕೆಳಭಾಗದಲ್ಲಿದ್ದರೆ ಆಮೇಲೆ ಆಂಕರ್ ಕೊರೆಯುವಾಗ ಅಡ್ಡ ಬರುವುದು ಕಮ್ಮಿ. ಎಂ25 ಅಂದರೆ ಒಂದು ಪಾಲು ಸಿಮೆಂಟು, ಒಂದು ಪಾಲು ಎಂ-ಸ್ಯಾಂಡು, ಎರಡು ಪಾಲು ಜಲ್ಲಿ. ನನ್ನ ಬೆಡ್ಡಿಗೆ 30 ಘನ ಅಡಿ ಕಾಂಕ್ರೀಟು, ಸಿಮೆಂಟು ಒಂಬತ್ತು-ಹತ್ತು ಮೂಟೆ. ನೀರಿನ ವಿಷಯದಲ್ಲಿ ಮೇಸ್ತ್ರಿ ಪಕ್ಕದಲ್ಲೇ ನಿಲ್ಲಿ. ಒಂದು ಮೂಟೆಗೆ 25 ಲೀಟರ್ ದಾಟಬಾರದು. ಕಲಸಲು ಸುಲಭ ಅಂತ ಇನ್ನೊಂದು ಬಿಂದಿಗೆ ಸುರಿದರೆ ಕಾಂಕ್ರೀಟಿನ ಬಲ ಅಲ್ಲೇ ಹೋಯಿತು. ಬೆಡ್ಡಿನ ಮೇಲ್ಭಾಗ ಟ್ಯೂಬ್ ಲೆವೆಲ್ಲಿನಲ್ಲಿ ನೋಡಿದರೆ ಎಲ್ಲ ಕಡೆ ಒಂದೇ ಮಟ್ಟ ಇರಬೇಕು, ಸುತ್ತಲಿನ ನೆಲ ಇಳಿಜಾರಿದ್ದರೂ ಸರಿ. ಎತ್ತರ ಸಿಗಲಿ ಅಂತ ಬೆಡ್ಡನ್ನು ಹಳ್ಳ ಮಾಡಬೇಡಿ. ಮೇ ತಿಂಗಳ ಒಂದು ಮಳೆಗೆ ಲಿಫ್ಟು ನೀರಲ್ಲಿ ನಿಲ್ಲುತ್ತದೆ.

ಮಾರನೆಯ ದಿನ ಗದ್ದೆಗೆ ಬದು ಕಟ್ಟಿದ ಹಾಗೆ ಸುತ್ತ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಹದಿನಾಲ್ಕು ದಿನ ಒಣಗಲು ಬಿಡಬೇಡಿ. ಕೊರೆಯುವುದು 28 ದಿನ ಆದ ಮೇಲೆ. ಹತ್ತನೇ ದಿನಕ್ಕೇ ನೆಲ ಕಲ್ಲಿನಂತೆ ಕಾಣುತ್ತದೆ, ಮನಸ್ಸು ತಡೆಯುವುದಿಲ್ಲ. ಆದರೂ ಕಾಯಿರಿ.

ಕರೆಂಟು

ಕಾಯುವ ದಿನಗಳಲ್ಲಿ ಈ ಕೆಲಸ ಮುಗಿಸಿ. ಮನೆಗೆ ಸಿಂಗಲ್ ಫೇಸ್ ಮೋಟಾರಿನ ಲಿಫ್ಟೇ ಕೇಳಿ. ಸಾಮಾನ್ಯವಾಗಿ 2.2 ಕಿಲೋವ್ಯಾಟ್, ಅಂದರೆ 3 ಎಚ್‌ಪಿ ಇರುತ್ತದೆ. ಮನೆಗೆ ಮಂಜೂರಾದ ಲೋಡು ಎಷ್ಟಿದೆ ಎಂದು ಬಿಲ್ಲಿನಲ್ಲಿ ನೋಡಿ. 3 ಕಿಲೋವ್ಯಾಟ್ ಇದ್ದರೆ ಗೀಸರ್ ಜೊತೆ ಇದು ನಡೆಯುವುದಿಲ್ಲ. ನಮ್ಮ ಕಡೆಯ ವಿದ್ಯುತ್ ಕಂಪನಿ ಚೆಸ್ಕಾಂಗೆ ಅರ್ಜಿ ಹಾಕಿ ಲೋಡು ಜಾಸ್ತಿ ಮಾಡಿಸಿಕೊಳ್ಳಿ. ಮೀಟರ್ ಬೋರ್ಡಿನಿಂದ ಲಿಫ್ಟಿಗೇ ಬೇರೆ ಲೈನು, 4 ಚದರ ಮಿ.ಮೀ. ತಾಮ್ರದ ವೈರು, ಮೋಟಾರಿಗೆ ಹೊಂದುವ ಸಿ ಮಾದರಿಯ ಎಂಸಿಬಿ, ಕರೆಂಟು ಸೋರಿದರೆ ಲೈನು ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ, ಸರಿಯಾದ ಅರ್ಥಿಂಗು ಇರಲಿ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ನೇ ಮಾಡಲಿ. ಬಿಲ್ಲಿನ ಚಿಂತೆ ಬೇಡ, ಒಂದು ಸಲ ಎತ್ತಲು ಒಂದು ನಿಮಿಷದೊಳಗೇ ಮುಗಿಯುತ್ತದೆ. ಕರೆಂಟು ಹೋದಾಗ ಕೈಯಿಂದ ಇಳಿಸುವ ವ್ಯವಸ್ಥೆ ಲಿಫ್ಟಿನಲ್ಲಿದೆಯೇ ಎಂದು ಮೊದಲೇ ಕೇಳಿ.

ಇಳಿಸಿ ಕೂರಿಸುವುದು

ಪೆಟ್ಟಿಗೆ ಅರ್ಧ ಟನ್ನಿನ ಹತ್ತಿರ ತೂಗಬಹುದು. ಸರಿಯಾದ ತೂಕ ಮೊದಲೇ ಕೇಳಿಕೊಂಡು ಹೈಡ್ರಾ ಕ್ರೇನ್ ಗೊತ್ತು ಮಾಡಿ. ಬಾಗಿಲಿಗೆ ಬಂದ ಮೇಲೆ ಒಳಗೆ ತರಲು ಮೂರು ಕಬ್ಬಿಣದ ಪೈಪಿನ ಮೇಲೆ ಉರುಳಿಸಿದರೆ ನಾಲ್ಕು ಜನ ಸಾಕು. ಉರುಳಿಸುವ ದಾರಿ ಸಂಪಿನ ಮೇಲೆ ಬರದಂತೆ ನೋಡಿಕೊಳ್ಳಿ.

ಲಿಫ್ಟನ್ನು ಬೋಲ್ಟು ಹಾಕದೆ ಇಟ್ಟು, ಕಾರನ್ನು ಅದರ ಮೇಲೆ ತಂದು ನಿಲ್ಲಿಸಿ, ಎತ್ತದೆ, ಸುಮ್ನೆ ನೋಡಿ. ನಾಲ್ಕು ಬಾಗಿಲು ತೆರೆಯಿರಿ. ಷಟರ್ ಎಳೆಯಿರಿ. ಬೀಮು ಕಾರಿನ ಯಾವ ಭಾಗದ ಮೇಲೆ ಬರುತ್ತದೆ ನೋಡಿ. ನನ್ನಲ್ಲಿ ಬೀಮು ಬಾನೆಟ್ಟಿನ ಮೇಲೆ ಬರುವಂತೆ ಒಂದು ಅಡಿ ಹಿಂದೆ ಸರಿಸಿದೆ. ಕಾರಿನ ತಲೆಗೆ ಮೋಲ್ಡಿನ ಪೂರ್ತಿ ಎತ್ತರ ಸಿಕ್ಕಿತು. ಆದರೆ ಕಾರು ಮೇಲಿದ್ದಾಗ ಬಾನೆಟ್ ತೆರೆಯುವಂತಿಲ್ಲ.

ಜಾಗ ಗಟ್ಟಿಯಾದ ಮೇಲೆ ಲಿಫ್ಟಿನ ತೂತುಗಳ ಮೂಲಕವೇ ಕೊರೆಯಿರಿ. ಬಿಟ್ಟಿನ ದಪ್ಪ, ಆಳ, ಬಿಗಿಯುವ ಬಲ ಎಲ್ಲ ಕೈಪಿಡಿಯಲ್ಲಿ ಇದ್ದ ಹಾಗೆ. ಡ್ರಿಲ್ ನೆಟ್ಟಗೆ ಹಿಡಿಯಿರಿ. ಬೆಡ್ಡಿನ ಅಂಚಿನಿಂದ ಆರು ಇಂಚಾದರೂ ಒಳಗಿರಲಿ. ಕೊರೆದ ಮೇಲೆ ತೂತಿನ ಪುಡಿಯನ್ನು ಊದಿ, ಬ್ರಷ್ ಆಡಿಸಿ, ಮತ್ತೆ ಊದಿ. ಒಳಗೆ ಪುಡಿ ಉಳಿದರೆ ಆಂಕರ್ ಕಚ್ಚಿಕೊಳ್ಳುವುದಿಲ್ಲ. ಊದುವಾಗ ಕಣ್ಣಿಗೆ ಕನ್ನಡಕ ಹಾಕಿರಿ. ಬುಡ ಅಲ್ಲಾಡಿದರೆ ಕೈಪಿಡಿ ಹೇಳಿದ ಉಕ್ಕಿನ ಬಿಲ್ಲೆ ಕೊಡಿ, ಮರದ ಚೂರು ಬೇಡ. ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚಿನಲ್ಲಿ ಬಿಗಿಯಿರಿ. ಬಿಗಿಯುತ್ತಾ ಹೋದಂತೆ ಬೋಲ್ಟು ಮೇಲೆ ಬರುತ್ತಿದ್ದರೆ ಆ ತೂತು ಕೆಟ್ಟಿದೆ ಅಂತಲೇ ಅರ್ಥ. ಅಲ್ಲಿಗೆ ನಿಲ್ಲಿಸಿ ತಯಾರಕರ ಜನರನ್ನು ಕರೆಸಿ.

ಮೊದಲ ಸಲ ಎತ್ತುವಾಗ

ಕೈಪಿಡಿ ಹೇಳಿದ ಗ್ರೇಡಿನ ಹೈಡ್ರಾಲಿಕ್ ಆಯಿಲ್ ತುಂಬಿ, ಖಾಲಿ ಲಿಫ್ಟನ್ನು ನಾಲ್ಕೈದು ಸಲ ಏರಿಸಿ ಇಳಿಸಿ, ಒಳಗಿನ ಗಾಳಿ ಹೋಗಲಿ. ಸೋರುತ್ತಿದೆಯೇ ಎಂದು ರಟ್ಟು ಹಿಡಿದು ನೋಡಿ, ಬೆರಳಿನಿಂದ ಬೇಡ. ಒತ್ತಡದ ಎಣ್ಣೆ ಸೂಜಿಯಂತೆ ಚರ್ಮದೊಳಗೆ ನುಗ್ಗುತ್ತದೆ. ಹಾಗಾದರೆ ಗಾಯ ಸಣ್ಣದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಕಾರಿನ ಜಾಕ್ ಪಾಯಿಂಟಿಗೆ ಸರಿಯಾಗಿ ರಬ್ಬರ್ ಪ್ಯಾಡ್ ಇಟ್ಟು, ಚಕ್ರ ನೆಲ ಬಿಟ್ಟು ಅರ್ಧ ಅಡಿ ಏರಿದಾಗ ನಿಲ್ಲಿಸಿ. ಬಂಪರ್ ಹಿಡಿದು ಅಲ್ಲಾಡಿಸಿ ನೋಡಿ. ಮುಂದೆ ಎಂಜಿನ್ ಇರುವುದರಿಂದ ಭಾರ ಮುಂದೆ ಜಾಸ್ತಿ. ಮೂತಿ ಬಾಗಿದ ಹಾಗೆ ಕಂಡರೆ ಇಳಿಸಿ ಕಾರನ್ನು ಸರಿಸಿ. ಎಲೆಕ್ಟ್ರಿಕ್ ಕಾರಿಗೆ ತಳದಲ್ಲಿ ಬ್ಯಾಟರಿ ಇರುತ್ತದೆ, ಕಾರಿನ ಕೈಪಿಡಿ ತೋರಿಸಿದ ಜಾಗ ಬಿಟ್ಟು ಬೇರೆಲ್ಲೂ ಪ್ಯಾಡ್ ತಾಗಬಾರದು. ಎಲ್ಲ ಸರಿ ಅನಿಸಿದ ಮೇಲೆ ಪೂರ್ತಿ ಎತ್ತಿ. ಏರುವಾಗ ಲಿಫ್ಟು ಕೆಳಗೆ ಜಾರದಂತೆ ತಡೆಯುವ ಲಾಕು ಟಕ್ ಟಕ್ ಅನ್ನುತ್ತದೆ. ಬೇಕಾದ ಎತ್ತರ ಬಂದ ಮೇಲೆ ಸ್ವಲ್ಪ ಇಳಿಸಿ ಲಾಕಿನ ಮೇಲೆ ಕೂರಿಸಿ. ಎರಡೂ ಪಕ್ಕ ಕೂತಿದೆ ಎಂದು ಬಗ್ಗಿ ಕಣ್ಣಾರೆ ನೋಡಿದ ಮೇಲೆಯೇ ಕೆಳಗೆ ಹೋಗಿ. ಎಣ್ಣೆಯ ಒತ್ತಡದ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನೂ ಹಾಕಬೇಡಿ.

ಕಾರು ಬೀಮಿಗೂ ಮೋಲ್ಡಿಗೂ ತಾಗದಂತೆ ಎರಡು ಏರ್ಪಾಡು ಮಾಡಿದ್ದೇನೆ. ಕೂರಿಸಲು ಬಂದವರ ಕೈಲೇ ಲಿಫ್ಟಿಗೆ ಗೊತ್ತುಮಾಡಿದ ಎತ್ತರದಲ್ಲಿ ತಾನೇ ನಿಲ್ಲಿಸುವ ಲಿಮಿಟ್ ಸ್ವಿಚ್ಚು ಹಾಕಿಸಿ, ಮನೆಗೆ ಬರುವ ಅತಿ ಎತ್ತರದ ಗಾಡಿಯ ಲೆಕ್ಕಕ್ಕೆ ಹೊಂದಿಸಿದ್ದೇನೆ. ಜೊತೆಗೆ ಮೋಲ್ಡಿನಿಂದ ನೈಲಾನ್ ದಾರದಲ್ಲಿ ಒಂದು ರಬ್ಬರ್ ಚೆಂಡು ಇಳಿಬಿಟ್ಟಿದ್ದೇನೆ, ಅದರ ತಳ ಮೋಲ್ಡಿಗಿಂತ ಆರು ಇಂಚು ಕೆಳಗೆ. ಕಾರಿನ ತಲೆ ಚೆಂಡಿಗೆ ತಾಗಿ ಅದು ಅಲ್ಲಾಡಿದರೆ ಸ್ವಿಚ್ಚಿನ ಗುಂಡಿಯಿಂದ ಬೆರಳು ತೆಗೆಯುತ್ತೇನೆ. ಎತ್ತುವವರು ಮನೆಯ ಯಾರೇ ಆಗಲಿ, ಆ ಚೆಂಡು ಎಲ್ಲರಿಗೂ ಅರ್ಥವಾಗುತ್ತದೆ. ಲಿಫ್ಟ್ ಏರುವಾಗ ಇಳಿಯುವಾಗ ಮಕ್ಕಳು ಷಟರಿನ ಆಚೆಗಿರಬೇಕು.

ಸಂಪು ಹತ್ತಿರ ಇರುವುದರಿಂದ ಇನ್ನೊಂದು ಎಚ್ಚರಿಕೆ. ಮುಚ್ಚಳದ ಸುತ್ತ ಮೂರು ಇಂಚಿನ ಕಟ್ಟೆ ಕಟ್ಟಿಸಿ, ಚೆಲ್ಲಿದ ಆಯಿಲ್ ಕುಡಿಯುವ ನೀರಿಗೆ ಹೋಗಬಾರದು. ಹಳೇ ಆಯಿಲನ್ನು ಚೇಂಬರಿಗೂ ಸುರಿಯಬೇಡಿ, ಕ್ಯಾನಿನಲ್ಲಿ ಕೂಡಿಟ್ಟು ಅಧಿಕೃತವಾಗಿ ಕೊಳ್ಳುವವರಿಗೆ ಕೊಡಿ.

ಬಳಸಲು ಶುರುಮಾಡಿದ ಒಂದು ತಿಂಗಳಿಗೆ ಆಂಕರ್ ಬೋಲ್ಟುಗಳನ್ನು ಮತ್ತೆ ಟಾರ್ಕ್ ರೆಂಚಿನಲ್ಲಿ ನೋಡಿ. ಆಮೇಲೆ ಪ್ರತಿ ನಟ್ಟಿನಿಂದ ಬುಡದ ತಗಡಿನವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಪ್ರತಿ ಸಲ ಕಾರು ಹತ್ತಿಸುವ ಮೊದಲು ಆ ಗೆರೆಗಳನ್ನು ನೋಡಲು ಹತ್ತು ಸೆಕೆಂಡು ಸಾಕು. ಒಂದೇ ಒಂದು ಗೆರೆ ಜರುಗಿದ್ದರೂ ಅವತ್ತು ಕಾರು ಎತ್ತಬೇಡಿ.